ಎಣ್ಣೆ ಸರಬರಾಜು ಯೋಜನೆ

ನಿವೃತ್ತಿಯಾದ ಗಂಡಸು ಮನೆಯಲ್ಲಿ ಕುಳಿತರೆ ಮೊದಲು ರಿಪೇರಿಯಾಗುವುದು ಸರಿಯಾಗಿ ನಡೆಯುತ್ತಿರುವ ವಸ್ತುಗಳು. ನಮ್ಮವರು ಘಟ್ಟದ ಮೇಲಿನ ಊರುಗಳಲ್ಲಿ ನೀರು ಸರಬರಾಜಿನ ಎಂಜಿನಿಯರ್ ಆಗಿದ್ದವರು. ತೊಂಬತ್ತರ ದಶಕದಲ್ಲಿ ಪೆನ್ಶನ್ ಹಿಡಿದು ಬಂಟ್ವಾಳಕ್ಕೆ ಬಂದು ನೆಲೆಸಿದ ಮೇಲೆ ಬಚ್ಚಲಿನ ಹಂಡೆ, ಬಾವಿಯ ರಾಟೆ, ನನ್ನ ಕಾಫಿ ಫಿಲ್ಟರ್ ಎಲ್ಲವೂ ಅವರ ಕೈಗೆ ಸಿಕ್ಕಿ ಸುಧಾರಣೆಗೊಂಡವು. ಕಾಫಿ ಫಿಲ್ಟರಿನ ತೂತುಗಳಿಗೆ ಅವರು ಎರಡು ಪದರ ಬಟ್ಟೆ ಹಾಕಿದರು.

"ಈಗ ನೋಡು, ಒಂದು ಚೂರು ಚರಟ ಕೆಳಗೆ ಬರುವುದಿಲ್ಲ," ಎಂದರು.

"ಡಿಕಾಕ್ಷನ್ನೂ ಬರುವುದಿಲ್ಲ," ಎಂದೆ.

"ಅದು ಬೇರೆ ವಿಷಯ," ಎಂದರು.

ಅಂಥವರ ಕಣ್ಣು ಒಂದು ದಿನ ನನ್ನ ಕಾರಿನ ಮೇಲೆ ಬಿತ್ತು.

ಅದು ಕಪ್ಪು ಬಣ್ಣದ, ಗುಂಡು ಬೆನ್ನಿನ ಇಂಗ್ಲಿಷ್ ಕಾರು. ನನ್ನ ಸೋದರಮಾವನದು. ನಮ್ಮದು ಅಳಿಯಕಟ್ಟಿನ ಮನೆತನ. ಮಾವನ ವಸ್ತು ತಂಗಿಯ ಮಕ್ಕಳಿಗೆ ಬರುವುದು ರೂಢಿ. ತಂಗಿಯ ಮಕ್ಕಳು ಎಂದರೆ ನಾನು ಮತ್ತು ನನ್ನ ತಮ್ಮ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡರ್ ಆಗಿದ್ದಾಗ ರಜೆಗೆ ಕರೆದುಕೊಂಡು ಹೋಗಲು ಮಾವ ಈ ಕಾರಿನಲ್ಲೇ ಬರುತ್ತಿದ್ದರು. ಸಿಸ್ಟರ್‌ಗಳು ನನಗೆ ಎಂಬ್ರಾಯ್ಡರಿ, ಟೇಬಲ್ ಮ್ಯಾನರ್ಸ್ ಮತ್ತು ಪ್ರಿಪೊಸಿಷನ್‌ಗಳನ್ನು ಕಲಿಸಿದರು. ಮಾವ ಕ್ಲಚ್ ಕಲಿಸಿದರು. ಈಗ ನೆನೆದರೆ ಜೀವನದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕ್ಲಚ್ಚೇ.

"ರಸ್ತೆಯನ್ನು ಎಮ್ಮೆ ಕೂಡ ನೋಡ್ತದೆ ಮಗಾ. ನೀನು ಸೂಜಿಯನ್ನು ನೋಡು," ಎನ್ನುತ್ತಿದ್ದರು ಮಾವ.

ಸೂಜಿ ಎಂದರೆ ಆಯಿಲ್ ಪ್ರೆಶರ್ ತೋರಿಸುವ ಮುಳ್ಳು. ಡ್ರೈವರಿನ ಎದುರೇ ಒಂದು ದುಂಡು ಗಾಜಿನೊಳಗೆ ಇರುತ್ತದೆ. ಎಂಜಿನ್ನಿನ ಒಳಗೆ ಎಣ್ಣೆ ಒತ್ತಡದಿಂದ ಹರಿಯುತ್ತಿದ್ದರೆ ಮುಳ್ಳು ಎದ್ದು ನಿಲ್ಲುತ್ತದೆ. ಬಿದ್ದರೆ ಆ ಕ್ಷಣ ಕಾರು ನಿಲ್ಲಿಸಬೇಕು. ಇಲ್ಲವಾದರೆ ಬೇರಿಂಗ್ ಕರಗಿ ಎಂಜಿನ್ ಸತ್ತೇ ಹೋಗುತ್ತದೆ. ಆ ಕಾಲದ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಎಂಬುದೇ ಇರಲಿಲ್ಲ. ತಳದಲ್ಲಿ ಒಂದು ತಂತಿಯ ಜರಡಿ, ಅಷ್ಟೆ. ಆದ್ದರಿಂದ ಮಾವ ಎಣ್ಣೆಯನ್ನು ಮತ್ತೆ ಮತ್ತೆ ಬದಲಾಯಿಸುತ್ತಿದ್ದರು, ಮಗುವಿನ ಲಂಗೋಟಿಯ ಹಾಗೆ. ಮಾವ ಹೋದ ಮೇಲೆ ಕಾರು ನನಗೆ ಬಂತು, ಆ ಅಭ್ಯಾಸವೂ ಬಂತು. ತಮ್ಮ ಆಗ ತಕರಾರು ಮಾಡಲಿಲ್ಲ. ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಮತ್ತು ಅವನು ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ.

ಬೊಂಬಾಯಿಯಿಂದ ಅವನು ಮೂಡಬಿದ್ರಿಗೆ ವಾಪಸು ಬಂದು, ನಮ್ಮ ತವರುಮನೆಯ ಹತ್ತಿರವೇ ಲಾಡ್ಜಿಂಗ್ ಸಹಿತ ಒಂದು ಹೋಟೆಲು ಕಟ್ಟಿಸಿದಾಗ ತೊಂದರೆ ಶುರುವಾಯಿತು. ಹೋಟೆಲಿನ ಎದುರು ಏನಾದರೂ "ಹೆರಿಟೇಜ್" ಇಡಬೇಕೆಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು.

"ಅಕ್ಕ, ಕಾರಿಗೂ ವಯಸ್ಸಾಯ್ತು. ರೆಸ್ಟ್ ಬೇಡ್ವಾ? ಗ್ಲಾಸಿನ ರೂಮು ಮಾಡಿಸ್ತೇನೆ. ಮೇಲೆ ಲೈಟು, ಸುತ್ತ ಹೂಕುಂಡ. ಬಂದವರು ಫೋಟೊ ತೆಗೀತಾರೆ."

"ನನಗೂ ವಯಸ್ಸಾಯ್ತು. ನನ್ನನ್ನೂ ಗ್ಲಾಸಿನಲ್ಲಿ ಇಡ್ತೀಯಾ?"

"ತಮಾಷೆ ಅಲ್ಲ ಅಕ್ಕ. ಎಂಜಿನ್ ಹೋಗುವ ಮೊದಲು ಕಾರು ಕುಟುಂಬದ ಮನೆಗೆ ಬರಲಿ. ಮಾವನ ಕಾರು ಅಂದ್ರೆ ಕುಟುಂಬದ ಕಾರು."

ನಾನು ಉತ್ತರ ಕೊಡುವ ಮೊದಲೇ ನಮ್ಮವರು ಎದ್ದು ನಿಂತರು. ಕಾರಿನ ಮೇಲೆ ಅವರಿಗೆ ಹಕ್ಕಿಲ್ಲದಿದ್ದರೂ ಹೆಂಡತಿಯ ತಮ್ಮನಿಗೆ ಸೋಲುವ ಮನಸ್ಸೂ ಇರಲಿಲ್ಲ.

"ಎಂಜಿನ್ ಯಾಕೆ ಹೋಗ್ತದೆ? ನಾನು ಫಿಲ್ಟರ್ ಹಾಕ್ತೇನೆ. ಇನ್ನು ನಲ್ವತ್ತು ವರ್ಷ ಓಡ್ತದೆ."

"ಓಡಿಸಿ ತೋರಿಸಿ ಭಾವ. ಫಿಲ್ಟರ್ ಹಾಕಿ ಮೂಡಬಿದ್ರಿಗೆ ಬನ್ನಿ. ಸಿದ್ಧಕಟ್ಟೆ ದಾರಿಯಲ್ಲಿ ಅಲ್ಲ, ಅದರಲ್ಲಿ ಸೈಕಲೂ ಬರ್ತದೆ. ಬೆಳ್ತಂಗಡಿ ಸುತ್ತಿ ವೇಣೂರಿಗಾಗಿ ಬನ್ನಿ. ಕೆಟ್ಟು ನಿಲ್ಲದೆ ಬಂದ್ರೆ ನಾನು ಇನ್ನು ಆ ಕಾರಿನ ಸುದ್ದಿ ತೆಗೆಯುದಿಲ್ಲ. ದಾರಿಯಲ್ಲಿ ಎಂಜಿನ್ ಹೋದ್ರೆ ನಾನೇ ಲಾರಿ ಕಳಿಸಿ ತರಿಸ್ತೇನೆ, ಸೀದಾ ಗ್ಲಾಸ್ ರೂಮಿಗೆ."

"ಆಯ್ತು," ಎಂದರು ನಮ್ಮವರು. ನನ್ನ ಕಾರನ್ನು ಪಣಕ್ಕೆ ಇಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ಅಳಿಯಕಟ್ಟಿನಲ್ಲಿ ಆಸ್ತಿ ಹೆಂಗಸಿನದು, ಮಾತು ಗಂಡಸರದು. ದಟ್ ಈಸ್ ಅವರ್ ಗ್ರೇಟ್ ಸಿಸ್ಟಮ್.

ಮರುದಿನದಿಂದ ನಮ್ಮ ಅಂಗಳದಲ್ಲಿ ಕಾಮಗಾರಿ ಶುರು. ಸಲಹೆಗಾರರಾಗಿ ಬಂದವರು ಪಕ್ಕದ ಮನೆಯ ಸಾಹೇಬರು. ಅವರು ಬಹಳ ವರ್ಷ ಗಲ್ಫಿನಲ್ಲಿದ್ದು, ಬಂದು ಮೆಲ್ಕಾರಿನಲ್ಲಿ ಸ್ಪೇರ್ ಪಾರ್ಟಿನ ಅಂಗಡಿ ಇಟ್ಟಿದ್ದರು. ಗಲ್ಫಿನಲ್ಲಿ ಅವರು ಏನು ಕೆಲಸದಲ್ಲಿದ್ದರು ಎಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆದರೆ ಯಾವ ವಿಷಯ ಬಂದರೂ "ಗಲ್ಫಲ್ಲಿ ಹೀಗಲ್ಲ" ಎಂದು ಹೇಳುವಷ್ಟು ವಿಷಯ ಅವರಿಗೆ ಗೊತ್ತಿತ್ತು. ಒಳ್ಳೆಯ ಮನುಷ್ಯ. ಅವರು ತಂದ ಫಿಲ್ಟರ್ ಡಬ್ಬ ಯಾವುದೋ ಲಾರಿಯದು. ನಮ್ಮ ಮನೆಯ ಹಾಲಿನ ಕ್ಯಾನಿನಷ್ಟು ದೊಡ್ಡದಿತ್ತು.

"ಇಷ್ಟು ದೊಡ್ಡದಾ?" ಎಂದೆ.

"ಅಕ್ಕ, ಫಿಲ್ಟರ್ ದೊಡ್ಡದಿದ್ರೆ ಲಾಸ್ ಎಂತದು? ಗಲ್ಫಲ್ಲಿ ಇದಕ್ಕಿಂತ ದೊಡ್ಡದುಂಟು."

ನಮ್ಮವರು ಹಾಳೆಯ ಮೇಲೆ ನಕ್ಷೆ ಬರೆದರು. ಅವರ ಲೆಕ್ಕದಲ್ಲಿ ಎಣ್ಣೆ ಎಂದರೆ ಸ್ವಲ್ಪ ದಪ್ಪದ ನೀರು. ಎಂಜಿನ್ನಿನ ತಳ ಎಂದರೆ ನದಿ. ಪಂಪ್ ಇದೆ, ಊರಿದೆ, ನಡುವೆ ಫಿಲ್ಟರ್ ಹೌಸ್ ಇಲ್ಲ. ಮುಳ್ಳಿನ ಮೀಟರಿಗೆ ಎಣ್ಣೆ ಬರುವ ಸಣ್ಣ ನಳಿಕೆಯ ಬುಡದಲ್ಲಿ ಒಂದು 'ಟಿ' ಕೂರಿಸಿ, ಅಲ್ಲಿಂದ ತಾಮ್ರದ ಪೈಪಿನಲ್ಲಿ ಎಣ್ಣೆಯನ್ನು ಡಬ್ಬಕ್ಕೆ ತರುವುದು. ಡಬ್ಬದೊಳಗಿನ ಹತ್ತಿಯಲ್ಲಿ ಸೋಸಿ, ಇನ್ನೊಂದು ಪೈಪಿನಲ್ಲಿ ಎಂಜಿನ್ನಿನ ತಲೆಯ ಮೇಲಿರುವ ಎಣ್ಣೆ ಹೊಯ್ಯುವ ಬಾಯಿಗೆ ವಾಪಸು ಬಿಡುವುದು. ಯೋಚನೆ ತಪ್ಪಲ್ಲ. ಆದರೆ ಪೈಪ್ ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆ ಬಂದಾಗ ಅವರೊಳಗಿನ ಎಂಜಿನಿಯರ್ ಎದ್ದು ಕುಳಿತ.

"ಸಪ್ಲೈಯಲ್ಲಿ ಜಿಪುಣತನ ಮಾಡಬಾರದು. ಅರ್ಧ ಇಂಚು!"

"ಮುಕ್ಕಾಲು ಇಂಚಿದ್ದು ಉಂಟು ಸಾರ್ ಅಂಗಡಿಯಲ್ಲಿ," ಎಂದರು ಸಾಹೇಬರು.

ಕೊನೆಗೆ ಅರ್ಧ ಇಂಚಿಗೆ ಒಪ್ಪಂದವಾಯಿತು. ನಂತರ ವಾಲ್ವ್. ವಾಲ್ವ್ ಇಲ್ಲದ ಪೈಪನ್ನು ನಮ್ಮವರು ಜೀವನದಲ್ಲಿ ಕಂಡವರಲ್ಲ. ಕೆಂಪು ಚಕ್ರದ ಒಂದು ಹಿತ್ತಾಳೆಯ ಗೇಟ್ ವಾಲ್ವನ್ನು ಫಿಲ್ಟರಿನ ಮೊದಲು ಕೂರಿಸಿದರು. ಚಕ್ರ ತಿರುಗಿಸಿದರೆ ಎಣ್ಣೆ ಫಿಲ್ಟರಿಗೆ ಹೋಗುತ್ತದೆ, ಮರಳಿ ತಿರುಗಿಸಿದರೆ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಬಿಟ್ಟಿದೆಯೋ ಮುಚ್ಚಿದೆಯೋ ತಿಳಿಯುವುದಿಲ್ಲ, ಊರಿನ ಎಲ್ಲ ವಾಲ್ವುಗಳ ಹಾಗೆಯೇ. ಜಾಯಿಂಟುಗಳಿಗೆ ಸೆಣಬಿನ ನಾರು ಸುತ್ತಿ ಬಿಳಿ ಪೇಸ್ಟ್ ಮೆತ್ತಿದರು. ಪೈಪಿನ ಮೇಲೆ ಎಣ್ಣೆ ಹರಿಯುವ ದಿಕ್ಕಿಗೆ ಕೆಂಪು ಬಾಣದ ಗುರುತು ಬರೆದರು. ಎಣ್ಣೆಗೆ ದಾರಿ ತಪ್ಪಬಾರದಲ್ಲ.

ಟ್ರಯಲ್ ದಿನ ಇವರು ವಾಲ್ವ್ ಬಿಟ್ಟರು, ನಾನೇ ಸ್ಟಾರ್ಟ್ ಮಾಡಿದೆ. ಎಂಜಿನ್ ತಣ್ಣಗಿದ್ದಷ್ಟು ಹೊತ್ತು ಮುಳ್ಳು ಅರ್ಧದಲ್ಲಿ ನಿಂತಿತ್ತು. ಬಿಸಿಯಾಗಿ ಎಣ್ಣೆ ತೆಳ್ಳಗಾದದ್ದೇ ತಡ, ಸೊನ್ನೆಯ ಹತ್ತಿರ ಹೋಗಿ ಮಲಗಿತು. ತಕ್ಷಣ ಆಫ್ ಮಾಡಿದೆ.

"ಪ್ರೆಶರ್ ಇಲ್ಲ!"

"ಮೀಟರ್ ಹಾಳಾಗಿರಬೇಕು," ಎಂದರು ನಮ್ಮವರು.

ಮೂವತ್ತು ವರ್ಷ ನೀರಿನ ಇಲಾಖೆಯಲ್ಲಿದ್ದವರ ಬಾಯಲ್ಲಿ ಬೇರೆ ಉತ್ತರ ಬರುವುದು ಸಾಧ್ಯವಿರಲಿಲ್ಲ. ಬಿಲ್ ಹೆಚ್ಚಾದರೂ ಕಡಿಮೆಯಾದರೂ ನೀರು ಬಾರದಿದ್ದರೂ ಅವರಲ್ಲಿ ಹಾಳಾಗುವುದು ಮೀಟರ್ ಒಂದೇ.

ನನಗೆ ಕಾರಣ ಹೊಳೆದಿತ್ತು. ಇವರು ಸರ್ವೀಸಿನಲ್ಲಿದ್ದಾಗ ಕ್ವಾರ್ಟರ್ಸಿನಲ್ಲಿ ನಾವು ಮಹಡಿಯಲ್ಲಿದ್ದೆವು. ಕೆಳಗಿನ ಮನೆಯವರು ಗಿಡಗಳಿಗೆ ನಲ್ಲಿ ಬಿಟ್ಟರೆ ನನ್ನ ಅಡುಗೆಮನೆಯ ನಲ್ಲಿಯಲ್ಲಿ ಬರೀ ಗಾಳಿ ಬರುತ್ತಿತ್ತು. ಇಲ್ಲೂ ಅದೇ ಕಥೆ. ಅರ್ಧ ಇಂಚಿನ ಪೈಪಿನಲ್ಲಿ ಎಣ್ಣೆಯೆಲ್ಲ ಫಿಲ್ಟರಿನ ದಾರಿ ಹಿಡಿದು ಸುಮ್ಮನೆ ಮತ್ತೆ ತಳಕ್ಕೆ ಇಳಿಯುತ್ತಿತ್ತು. ಬೇರಿಂಗುಗಳಿಗೆ ಒತ್ತಡವೇ ಉಳಿಯುತ್ತಿರಲಿಲ್ಲ. ಅದನ್ನೇ ಹೇಳಿದೆ.

"ನೀನು ಸುಮ್ಮನಿರು ಮಾರಾಯ್ತಿ. ಅದು ನೀರು, ಇದು ಎಣ್ಣೆ."

ಅಷ್ಟು ದಿನ ಎಣ್ಣೆಯೇ ನೀರಾಗಿತ್ತು. ನಾನು ಬಾಯಿ ತೆರೆದ ಕ್ಷಣ ಬೇರೆಯಾಯಿತು.

ಸಾಹೇಬರೂ ತಲೆಯಾಡಿಸಿದರು. "ಅಕ್ಕ, ಗಲ್ಫಲ್ಲಿ ಸೂಜಿ ಯಾರೂ ನೋಡುದಿಲ್ಲ. ಲೈಟ್ ಇರ್ತದೆ."

ಹೊರಡುವ ಹಿಂದಿನ ದಿನ ಸಂಜೆ ನಮ್ಮವರು ವಾಲ್ವ್ ಮುಚ್ಚಿ, ಡಬ್ಬ ಬಿಚ್ಚಿ ಒರೆಸಿ, ಹೊಸ ಬಿಳಿ ಹತ್ತಿ ತುಂಬಿದರು. "ಲೈನಿನಲ್ಲಿ ಕೆಲಸ ಮಾಡುವಾಗ ಮೊದಲು ವಾಲ್ವ್ ಮುಚ್ಚಬೇಕು. ಇದು ಫಸ್ಟ್ ರೂಲ್," ಎಂದು ನನಗೆ ಪಾಠವನ್ನೂ ಹೇಳಿದರು. ತೆರೆಯಲಿಲ್ಲ. ಯಾಕೆಂದರೆ ತೆರೆಯುವುದು ಬೆಳಿಗ್ಗೆಯ ಕಾರ್ಯಕ್ರಮ.

ನಮ್ಮ ಜಿಲ್ಲೆಯಲ್ಲಿ ಉದ್ಘಾಟನೆ ಇಲ್ಲದೆ ಬಸ್ ಸ್ಟಾಪಿನ ಬೆಂಚಿನ ಮೇಲೂ ಯಾರೂ ಕೂರುವುದಿಲ್ಲ. ನಮ್ಮವರು ಒಂದು ಕಥೆ ಹೇಳುತ್ತಿದ್ದರು. ಘಟ್ಟದ ಮೇಲಿನ ಒಂದು ಊರಿನಲ್ಲಿ ಅವರು ಕಟ್ಟಿಸಿದ ಫಿಲ್ಟರ್ ಹೌಸಿನ ಉದ್ಘಾಟನೆಗೆ ದೊಡ್ಡವರೊಬ್ಬರು ಬಂದಿದ್ದರಂತೆ. ವಾಲ್ವಿನ ಚಕ್ರ ಹಿಡಿದು ಫೋಟೊಕ್ಕೆ ನಿಂತರು, ಚಪ್ಪಾಳೆ ತಟ್ಟಿಸಿಕೊಂಡರು, ಚಕ್ರ ತಿರುಗಿಸದೆ ಊಟಕ್ಕೆ ಹೋದರು. ಊರಿನವರು ಎಷ್ಟೋ ದಿನ ಹಳೆಯ ಲೈನಿನ ಹೊಳೆನೀರನ್ನೇ ಕುಡಿದು, ಹೊಸ ನೀರು ಎಷ್ಟು ರುಚಿ ಎಂದರಂತೆ. ಈ ಕಥೆ ಹೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಬೆಳಿಗ್ಗೆ ಅಂಗಳದಲ್ಲಿ ಫಿಲ್ಟರ್ ಡಬ್ಬಕ್ಕೆ ಕುಂಕುಮ, ಒಂದು ಮೊಳ ಮಲ್ಲಿಗೆ. ಬಿ.ಸಿ.ರೋಡಿನಿಂದ ಫೋಟೊದವನನ್ನು ಕರೆಸಿದ್ದರು. ಸಾಹೇಬರು ಇಸ್ತ್ರಿ ಮಾಡಿದ ಶರ್ಟು, ಸೆಂಟು ಸಹಿತ ಬಂದರು. ಉದ್ಘಾಟಕರು ಅವರೇ. ನಮ್ಮವರು ಅವರಿಗೆ ಶಾಲು ಹೊದೆಸಿದರು. ಸಾಹೇಬರು ಇನ್ನೊಂದು ಶಾಲು ತಂದಿದ್ದರು, ನಮ್ಮವರಿಗೆ ಹೊದೆಸಿದರು. ಇನ್ನೂ ಒಂದು ಮೈಲು ಓಡದ ಫಿಲ್ಟರಿಗಾಗಿ ಇಬ್ಬರು ಸನ್ಮಾನಿತರಾದರು.

"ಸಾರ್, ವಾಲ್ವ್ ಹಿಡ್ಕೊಳ್ಳಿ. ಸಾಹೇಬ್ರೇ, ನಿಮ್ಮ ಕೈ ಮೇಲೆ. ಇಲ್ಲಿ ನೋಡಿ, ಸ್ವಲ್ಪ ಸ್ಮೈಲ್," ಎಂದ ಫೋಟೊದವನು.

ಫ್ಲ್ಯಾಶ್ ಬಿತ್ತು. "ಇನ್ನೊಂದು, ಸೇಫ್ಟಿಗೆ," ಎಂದ. ಇನ್ನೊಂದೂ ಬಿತ್ತು. ಚಪ್ಪಾಳೆಯಾಯಿತು. ನಮ್ಮವರು ಬಾನೆಟ್ ಮುಚ್ಚಿ, ತೆಂಗಿನಕಾಯಿ ಒಡೆದು, ಶಾಲು ಸಹಿತ ನನ್ನ ಪಕ್ಕದ ಸೀಟಿನಲ್ಲಿ ಕುಳಿತರು.

"ಹೋಗುವ!"

ನಾನು ಮನಸ್ಸಿನಲ್ಲಿ ಹೇಲ್ ಮೇರಿ ಪ್ರಾರ್ಥನೆ ಹೇಳಿಕೊಂಡು ಗೇರ್ ಹಾಕಿದೆ. ಸಿಸ್ಟರ್‌ಗಳು ಕಲಿಸಿದ್ದು, ನಮ್ಮ ದೈವಗಳು ತಪ್ಪು ತಿಳಿಯುವವರಲ್ಲ. ವಗ್ಗದ ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ, ಮುಳ್ಳು ಬೀಳುತ್ತದೆ, ಆಗ ನಾನು ನಿಲ್ಲಿಸುತ್ತೇನೆ, ಇವರು ಹೋಗು ಎನ್ನುತ್ತಾರೆ, ಎಂಜಿನ್ ಸಾಯುತ್ತದೆ, ಇಲ್ಲವೇ ಮಾನ ಹೋಗುತ್ತದೆ. ಎರಡರಲ್ಲಿ ಯಾವುದು ಆದರೂ, ಕಾರು ಗಾಜಿನ ಕೋಣೆಗೇ. ಹೀಗೆ ಯೋಚಿಸುತ್ತ ಏರಿದೆ. ವಗ್ಗ ಬಂತು. ಮುಳ್ಳು ಬೀಳಲಿಲ್ಲ. ಎನ್‌ಸಿಸಿ ಕೆಡೆಟ್ಟಿನ ಹಾಗೆ ಅಟೆನ್ಷನ್ನಿನಲ್ಲಿ ನಿಂತಿತ್ತು. ಮಾವನ ಕಾಲದಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ.

ಪುಂಜಾಲಕಟ್ಟೆ ಬರುವುದರೊಳಗೆ ನನಗೆ ಅರ್ಥವಾಯಿತು. ಫೋಟೊ ತೆಗೆದರು. ವಾಲ್ವ್ ಬಿಡಲಿಲ್ಲ. ಎಣ್ಣೆ ಫಿಲ್ಟರಿನ ಕಡೆ ತಲೆ ಹಾಕದೆ, ಹಳೆಯ ದಾರಿಯಲ್ಲೇ, ಬೇರಿಂಗುಗಳಿಗೆ ಪೂರಾ ಒತ್ತಡದಲ್ಲಿ ಹರಿಯುತ್ತಿದೆ.

"ನೋಡಿದೆಯಾ, ಎಂಜಿನ್ ಎಷ್ಟು ಸ್ಮೂತ್?" ಎಂದರು ನಮ್ಮವರು. "ಫಿಲ್ಟರಿನ ಎಫೆಕ್ಟು."

ಸುಳ್ಳು ಹೇಳಬಾರದು ಎಂದು ಸಿಸ್ಟರ್‌ಗಳು ಬಹಳ ಸಲ ಹೇಳಿದ್ದರು. ಕೇಳದೆ ಮಾತಾಡಬಾರದು ಎಂದು ಅದಕ್ಕಿಂತ ಹೆಚ್ಚು ಸಲ ಹೇಳಿದ್ದರು. ನಾನು ಎರಡನೆಯದನ್ನು ಪಾಲಿಸಿದೆ.

"ಹೌದು, ವೆರಿ ಸ್ಮೂತ್," ಎಂದೆ.

ಮಡಂತ್ಯಾರು ದಾಟಿತು. ಬೆಳ್ತಂಗಡಿಯಲ್ಲಿ ಇವರಿಗೆ ಬನ್ಸ್ ತಿನ್ನಲೇಬೇಕಿತ್ತು. ಹೋಟೆಲಿನ ಎದುರು ಕಾರು ನಿಂತದ್ದೇ ಆಟೊದವರು, ಬಸ್ಸಿಗೆ ಕಾಯುವವರು ಸುತ್ತ ಸೇರಿದರು. ಹೆಗಲ ಮೇಲೆ ಶಾಲು ಇದ್ದವರು ಸುಮ್ಮನೆ ಬನ್ಸ್ ತಿನ್ನಲು ಆಗುತ್ತದೆಯೇ? ನಮ್ಮವರು ಬಾನೆಟ್ ಎತ್ತಿದರು. ನಾನು ಅವರ ಪಕ್ಕಕ್ಕೆ ಓಡಿದೆ.

"ಇದೇ ಫಿಲ್ಟರ್. ಇದು ಇನ್‌ಲೆಟ್, ಇದು ರಿಟರ್ನ್. ಇದು ವಾಲ್ವ್, ಇಡೀ ಸ್ಕೀಮಿನ ಜೀವ ಇದರಲ್ಲಿ."

"ಮಲ್ಲಿಗೆ ಎಂತಕ್ಕೆ ಸಾರ್? ಪರಿಮಳಕ್ಕಾ?" ಎಂದು ಒಬ್ಬ ಆಟೊದವನು ಕೇಳಿದ. ಎಲ್ಲರೂ ನಕ್ಕರು. ಇನ್ನೊಬ್ಬ ಗಂಭೀರ ಮುಖದವನು ಬಗ್ಗಿ ನೋಡಿದ.

"ಈಗ ವಾಲ್ವ್ ಬಿಟ್ಟು ಉಂಟಾ, ಬಂದ್ ಉಂಟಾ?"

"ಬಿಟ್ಟೇ ಉಂಟು ಮಾರಾಯ್ರೇ. ಬೇಕಾದ್ರೆ ನೋಡಿ," ಎಂದು ನಮ್ಮವರು ಚಕ್ರಕ್ಕೆ ಕೈ ಹಾಕಿದರು. ಹಾಕಿದ ವೇಗದಲ್ಲೇ "ಅಯ್ಯಮ್ಮಾ!" ಎಂದು ಕೈ ಕೊಡವಿದರು. ಎಂಜಿನ್ನಿಗೆ ಅಂಟಿಕೊಂಡಿದ್ದ ಹಿತ್ತಾಳೆ ಕಾವಲಿಯ ಹಾಗೆ ಕಾದಿತ್ತು.

"ಬನ್ಸ್ ತಣ್ಣಗಾಗ್ತದೆ, ಬನ್ನಿ," ಎಂದು ನಾನೇ ಬಾನೆಟ್ ಮುಚ್ಚಿದೆ. ಅವರ ಬೆರಳಿಗೆ ಹೋಟೆಲಿನವರಿಂದ ಬೆಣ್ಣೆ ಕೇಳಿ ಹಚ್ಚಿದೆ. ಅಷ್ಟು ಪ್ರೀತಿಯಿಂದ ನಾನು ಬಹಳ ವರ್ಷಗಳಿಂದ ಅವರ ಬೆರಳು ಹಿಡಿದಿರಲಿಲ್ಲ.

ಗುರುವಾಯನಕೆರೆಗೆ ಮರಳಿ ವೇಣೂರಿನ ದಾರಿ ಹಿಡಿದೆವು. ಮುಳ್ಳು ಅಲ್ಲಾಡಲಿಲ್ಲ. ಮೂಡಬಿದ್ರಿಯಲ್ಲಿ ಹೋಟೆಲಿನ ಎದುರು ತಮ್ಮ ನಿಂತಿದ್ದ. ಅವನ ಹಿಂದೆ ಹೂಕುಂಡಗಳು ಸಾಲಾಗಿ ತಯಾರಾಗಿದ್ದವು. ಪೂರ್ ಥಿಂಗ್ಸ್, ನೀರು ಕೂಡ ಹಾಕಿದ್ದ. ಕಾರು ಗುರುಗುರು ಎನ್ನುತ್ತ ಬಂದು ನಿಂತದ್ದನ್ನು ಕಂಡು ಅವನ ಮುಖ ಇಳಿಯಿತು.

"ಬಂದ್ರಲ್ಲ ಭಾವ."

"ಮತ್ತೆ? ಎಂಜಿನ್ ಕೇಳು, ವೀಣೆ!"

"ಅದೆಲ್ಲ ಇರಲಿ. ಇಷ್ಟು ದೊಡ್ಡ ಡಬ್ಬ ಹಾಕಿದ್ದೀರಿ. ಬಿಚ್ಚಿ, ಎಷ್ಟು ಕೊಳೆ ಹಿಡಿದಿದೆ ನೋಡುವ."

"ಎಂತಕ್ಕೆ ಈಗ? ಎಲ್ಲ ಬಿಸಿ ಉಂಟು," ಎಂದೆ ನಾನು. "ಮೊದಲು ಚಾ ಕುಡಿಯುವ."

ಚಾ ಆಯಿತು. ಕಾರು ತಣ್ಣಗಾಯಿತು. ತಮ್ಮ ಮರೆಯಲಿಲ್ಲ. ನಮ್ಮವರು ಸ್ಪ್ಯಾನರ್ ತೆಗೆದುಕೊಂಡು, ಸಭೆಗೆ ತೋರಿಸುವವರ ಹಾಗೆ ಡಬ್ಬದ ಮುಚ್ಚಳ ಬಿಚ್ಚಿ ಹತ್ತಿ ಹೊರತೆಗೆದರು.

ಹತ್ತಿ ಮದುಮಗನ ಪಂಚೆಯ ಹಾಗೆ ಬೆಳ್ಳಗಿತ್ತು.

ನಮ್ಮವರು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒಣಗಿತ್ತು. ಮೆಲ್ಲ ತಲೆ ತಿರುಗಿಸಿ ವಾಲ್ವಿನ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ನನ್ನ ಬಳೆಯ ಡಿಸೈನ್ ನೋಡುತ್ತಿದ್ದೆ. ಇನ್ನೊಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತಿತ್ತು. ಇವರು ಸತ್ಯವಂತರು, ಅದೇ ನನ್ನ ಭಯ. ಆಫೀಸಿನಲ್ಲಿ ತಮ್ಮದೇ ತಪ್ಪನ್ನು ತಾವೇ ಮೇಲಿನವರಿಗೆ ತಿಳಿಸಿ ಬೈಸಿಕೊಂಡು ಬಂದ ಮನುಷ್ಯ.

ಆದರೆ ಮೊದಲು ಬಾಯಿ ತೆರೆದವನು ತಮ್ಮ.

"ಭಾವ! ಒಂದು ಚೂರು ಕೊಳೆ ಇಲ್ಲವಲ್ಲ!" ಅವನ ಕಣ್ಣು ಅರಳಿತ್ತು. ಹೋಟೆಲಿನವನು, ಎಣ್ಣೆಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಪೋಡಿ ಕರಿಯುವಷ್ಟು. "ಇಷ್ಟು ಶುದ್ಧ ಆಗ್ತದಾ? ಇದು ಫಿಲ್ಟರ್ ಅಲ್ಲ, ಪವಾಡ!"

ನಮ್ಮವರು ಗಂಟಲು ಸರಿ ಮಾಡಿಕೊಂಡರು. ನನ್ನತ್ತ ಇನ್ನೊಮ್ಮೆ ನೋಡಿದರು.

"ಹೂಂ," ಎಂದರು. "ಮೆಯಿಂಟೆನೆನ್ಸ್ ಚೆನ್ನಾಗಿದ್ರೆ ಹಾಗೆಯೇ."

"ಆಯ್ತು ಅಕ್ಕ, ಕೊಟ್ಟ ಮಾತು ಕೊಟ್ಟದ್ದೇ. ಕಾರು ನಿನ್ನದು. ಆದ್ರೆ ಭಾವ, ನನ್ನ ಹೋಟೆಲಿನ ಜನರೇಟರಿಗೆ ಇಂಥದ್ದೇ ಒಂದು ಹಾಕಿ ಕೊಡ್ಬೇಕು."

"ಬೇಡ," ಎಂದರು ನಮ್ಮವರು ಅವಸರದಲ್ಲಿ. "ಜನರೇಟರಿಗೆ ಸೂಟ್ ಆಗುದಿಲ್ಲ."

ಮರಳುವಾಗ ಸಿದ್ಧಕಟ್ಟೆಯ ದಾರಿ ಹಿಡಿದೆ. ಇವರು ಶಾಲನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ವಾಲ್ವ್ ಬಿಡಲಿಲ್ಲ, ಅಲ್ವಾ?"

"ಬಿಡಲಿಲ್ಲ."

"ನಿನಗೆ ಯಾವಾಗ ಗೊತ್ತಾಯ್ತು?"

"ಪುಂಜಾಲಕಟ್ಟೆಯಲ್ಲಿ. ಸೂಜಿ ನೋಡಿ."

"ಹೇಳ್ಬಹುದಿತ್ತಲ್ಲ."

"ಮೀಟರ್ ಹಾಳಾಗಿದೆ ಅಂದವರು ನೀವು. ಹಾಳಾದ ಮೀಟರ್ ನೋಡಿ ಹೇಗೆ ಹೇಳುದು?"

ಇವರು ಬಗ್ಗಿ ಸೂಜಿಯ ಕಡೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಣಿಯಲು ಶುರುವಾಯಿತು. ಫಿಲ್ಟರ್ ಹೌಸಿನ ಕಥೆ ಹೇಳುವಾಗ ನಗುತ್ತಿದ್ದ ಅದೇ ನಗು. ಕಣ್ಣೊರೆಸಲು ಸನ್ಮಾನದ ಶಾಲನ್ನೇ ತೆಗೆದುಕೊಂಡರು. ನಾನೂ ನಕ್ಕೆ. ಗಾಡಿ ಬದಿಗೆ ನಿಲ್ಲಿಸಬೇಕಾಯಿತು.

ಆಮೇಲೆ ಆ ವಾಲ್ವನ್ನು ಯಾರೂ ಬಿಡಲಿಲ್ಲ. ನಾನು ಮಾವನ ಹಾಗೆ ಎಣ್ಣೆ ಬದಲಾಯಿಸುತ್ತ ಬಂದೆ. ಆದರೆ ಫಿಲ್ಟರಿನ ಕೀರ್ತಿ ಹಬ್ಬಿತು. ಹಳೆ ಕಾರು ಇದ್ದವರು ಪುತ್ತೂರಿನಿಂದಲೂ ನೋಡಲು ಬಂದರು. ಬಂದವರಿಗೆಲ್ಲ ಇವರು ಚಾ ಕೊಟ್ಟು, "ಪೈಪ್ ಸಪುರ ಹಾಕಿ, ಸೂಜಿ ತೂರುವಷ್ಟೇ ದಾರಿ ಇಡಿ," ಎಂದು ಹೇಳಿ ಕಳಿಸುತ್ತಿದ್ದರು. "ನಿಮ್ಮದರಲ್ಲಿ ಅರ್ಧ ಇಂಚು ಉಂಟಲ್ಲ?" ಎಂದು ಕೇಳಿದರೆ, "ಇದು ಸ್ಪೆಷಲ್ ಕೇಸ್," ಎನ್ನುತ್ತಿದ್ದರು. ಮತ್ತು ವರ್ಷಕ್ಕೊಮ್ಮೆ, ಆಯುಧಪೂಜೆಯ ಮೊದಲು, ಡಬ್ಬ ಬಿಚ್ಚಿ ಬಿಳಿ ಹತ್ತಿ ತೆಗೆದು ಬಿಳಿ ಹತ್ತಿ ಹಾಕುತ್ತಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಯೋಜನೆ ಅವರದು, ನಿರ್ವಹಣೆಯೂ ಅವರದೇ.

ಎರಡು ಸಾವಿರದ ದಶಕದ ನಡುವೆ ಅವರು ಹೋದರು. ಗೋಡೆಯ ಮೇಲೆ ಅವರ ಪ್ರತ್ಯೇಕ ಫೋಟೊ ಹಾಕಬೇಕೆಂದು ಎಲ್ಲರೂ ಹೇಳಿದರು; ಸೂಟು ಹಾಕಿದ್ದು ಒಂದಿತ್ತು. ನಾನು ಒಪ್ಪಲಿಲ್ಲ. ಗೋಡೆಯಲ್ಲಿ ಇರುವುದು ಉದ್ಘಾಟನೆಯ ಅದೇ ಫೋಟೊ: ಇಬ್ಬರ ಹೆಗಲಲ್ಲೂ ಶಾಲು, ಇಬ್ಬರ ಕೈಯೂ ಕೆಂಪು ಚಕ್ರದ ಮೇಲೆ, ಅಷ್ಟು ಚಂದದ ನಗು.

ಈ ಸಲವೂ ಆಯುಧಪೂಜೆಗೆ ಮೊದಲು ನಾನು ಬಾನೆಟ್ ಎತ್ತಿ ಡಬ್ಬ ಬಿಚ್ಚುತ್ತಿದ್ದಾಗ ಸಾಹೇಬರು ಕೋಲೂರಿಕೊಂಡು ಕಾಂಪೌಂಡಿನ ಆಚೆ ಬಂದು ನಿಂತರು. ಅಂದು ಏನಾಯಿತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಹೇಳುವುದು ಬೇಡ ಎಂದು ನಮ್ಮವರೇ ಅಂದಿದ್ದರು.

"ಅಕ್ಕ, ನಮ್ಮ ಫಿಲ್ಟರ್ ಹೇಗುಂಟು?"

ಹತ್ತಿಯನ್ನು ಎತ್ತಿ ತೋರಿಸಿದೆ.

"ಕ್ಲೀನ್ ಉಂಟು ಸಾಹೇಬ್ರೇ."

"ಮತ್ತೆ! ಆವತ್ತು ಉದ್ಘಾಟನೆ ಮಾಡಿದ್ದು ಯಾರು?" ಎಂದರು ಅವರು.